ಹಾವು ಏಣಿಯ ಪಟದಲ್ಲಿ ಮಕ್ಕಳ ರಕ್ಷಣೆ

ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿಯವರಿಗೆ ಆಟಗಳ ಮೂಲಕ ತರಬೇತಿ ಕೊಡುವುದು ಒಳ್ಳೆಯ ರೂಢಿ. ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ದಿನವಿಡೀ ಕಾಯ್ದೆಯ ಸೆಕ್ಷನ್ನು ಕೇಳುತ್ತ ತೂಕಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆಟವೂ ತಪ್ಪು ಪಾಠ ಕಲಿಸಬಲ್ಲದು.

ಇವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹೆಜ್ಜೆ ಆಟ. ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಕೈಯಲ್ಲೊಂದು ಚೀಟಿ: ಒಬ್ಬರು ಅಧ್ಯಕ್ಷರ ಮಗ, ಇನ್ನೊಬ್ಬರು ಕಬ್ಬು ಕಡಿಯುವ ಅಪ್ಪ ಅಮ್ಮನ ಜೊತೆ ಊರೂರು ಅಲೆಯುವ ಹುಡುಗಿ, ಮತ್ತೊಬ್ಬರು ಕಿವಿ ಕೇಳದ ಬಾಲಕ. ‘ತೊಂದರೆಯಾದರೆ ಹೇಳಿಕೊಳ್ಳಲು ನನಗೊಬ್ಬರು ದೊಡ್ಡವರಿದ್ದಾರೆ’ ಎಂದು ಓದಿದಾಗ, ಹೌದೆನ್ನುವವರು ಒಂದು ಹೆಜ್ಜೆ ಮುಂದೆ ಇಡಬೇಕು. ಕೊನೆಗೆ ಅಧ್ಯಕ್ಷರ ಮಗ ಎದುರಿನ ಗೋಡೆ ಮುಟ್ಟಿರುತ್ತಾನೆ, ಹುಡುಗಿ ಹೊರಟಲ್ಲೇ ಇರುತ್ತಾಳೆ. ಆ ಚೀಟಿ ಹಿಡಿದವರನ್ನು ‘ಯಾವ ಮಾತಿಗೆ ನಿಮ್ಮ ಕಾಲು ಏಳಲಿಲ್ಲ?’ ಎಂದು ಕೇಳಿದಾಗಲೇ ಆಟಕ್ಕೆ ಜೀವ ಬರುವುದು. ಊಟದ ಹೊತ್ತಾಯಿತೆಂದು ಆ ಮಾತುಕತೆಯನ್ನೇ ಕೈಬಿಟ್ಟರೆ ಆಟ ಆಡಿಸಿಯೂ ಪ್ರಯೋಜನವಿಲ್ಲ.

ಹಾವು ಏಣಿಯ ಪಟದ ಬಗ್ಗೆ ನನಗೆ ಗಟ್ಟಿ ತಕರಾರಿದೆ. ‘ಶಾಲೆ ಬಿಟ್ಟಳು’ ಎಂಬ ಮನೆಯಲ್ಲಿ ಹಾವು, ‘ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು’ ಎಂಬಲ್ಲಿ ಏಣಿ. ಮಾಹಿತಿ ಸರಿ, ಬಾಯಿಪಾಠಕ್ಕೂ ಸುಲಭ. ಆದರೆ ಹುಡುಗಿ ಹಾವಿನ ಬಾಯಿಗೆ ಬೀಳುವುದು ದಾಳ ಬಿದ್ದಂತೆ. ‘ಅವಳ ಹಣೆಬರಹ, ನಾವೇನು ಮಾಡೋಣ’ ಎನ್ನುವ ಮಾತನ್ನು ಊರಿನಿಂದ ತೊಲಗಿಸಬೇಕಾದವರಿಗೇ ಈ ಆಟ ಹಣೆಬರಹವನ್ನು ಅಭ್ಯಾಸ ಮಾಡಿಸುತ್ತದೆ.

ಇದಕ್ಕಿಂತ ಅಪಾಯದ್ದು ಪತ್ತೇದಾರಿ ಆಟ. ಮಗುವಿನ ಪಾತ್ರದವರನ್ನು ಪ್ರಶ್ನಿಸಿ ‘ನಿಜ’ ಹೊರಡಿಸಿದ ಗುಂಪಿಗೆ ಅಂಕ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಬಯಸುವುದು ಇದಲ್ಲ. ಅಪರಾಧ ನಡೆದಿದೆ ಎಂದು ತಿಳಿದರೆ, ಅಥವಾ ನಡೆಯಬಹುದು ಎಂಬ ಶಂಕೆ ಇದ್ದರೂ ಸಾಕು, ಪೊಲೀಸರಿಗೆ ತಿಳಿಸಲೇಬೇಕು; ಸಾಬೀತು ಮಾಡುವುದು ಸ್ವಯಂಸೇವಕರ ಕೆಲಸವಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಅದೂ ಸಮವಸ್ತ್ರವಿಲ್ಲದೆ ಪಡೆಯಬೇಕೆಂದು ಕಾಯ್ದೆ ಇಷ್ಟು ಕಾಳಜಿ ವಹಿಸಿದೆ. ಅದಕ್ಕೂ ಮೊದಲೇ ಊರಿನ ನಾಲ್ಕು ಜನ ಸುತ್ತ ಕೂತು ‘ಎಲ್ಲಿ ಮುಟ್ಟಿದ? ಎಷ್ಟು ಸಲ?’ ಎಂದು ಕೆದಕಿದರೆ ಆ ಕೂಸಿನ ಗತಿಯೇನು? ಅಂಕದ ಲೆಕ್ಕವನ್ನು ತಿರುವುಮುರುವು ಮಾಡಿ. ಪ್ರತಿ ಹೆಚ್ಚಿನ ಪ್ರಶ್ನೆಗೂ ಅಂಕ ಕಳೆಯಿರಿ. ‘ನೀನು ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿನ್ನದಲ್ಲ’ ಎಂದವರಿಗೆ ಅಂಕ ಕೊಡಿ.

ಇನ್ನು, ಈ ಆಟಗಳಲ್ಲಿ ಊರಿನ ಒತ್ತಡವೇ ಇರುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇದು ಎಲ್ಲರಿಗೂ ಗೊತ್ತಿದ್ದರೂ, ಲಗ್ನಪತ್ರಿಕೆ ಹಂಚುತ್ತಿರುವವರು ಸಮಿತಿ ಸದಸ್ಯೆಯ ಸ್ವಂತ ಭಾವನೇ ಆದಾಗ ಅವಳ ಬಾಯಿ ಕಟ್ಟುತ್ತದೆ. ಅಂಥ ಸನ್ನಿವೇಶವನ್ನೇ ಆಡಿಸಲಿ: ಒಬ್ಬರು ಭಾವ, ಒಬ್ಬರು ಅತ್ತೆ, ಒಬ್ಬರು ಸಾಲ ಕೊಟ್ಟ ಗೌಡರು, ಎಲ್ಲರೂ ಒಟ್ಟಿಗೇ ಮಾತಾಡುತ್ತಿರುವಾಗ ಅವಳು ಫೋನು ಕೈಗೆತ್ತಿಕೊಂಡು, ಹುಡುಗಿಯ ಊರು, ವಯಸ್ಸು, ಮದುವೆಯ ದಿನ ಮೂರನ್ನೂ ತಡವರಿಸದೆ ಹೇಳಿ ಮುಗಿಸಬೇಕು.