ಒಂದು ಹಾರ್ಮೋನಿಗೆ ಒಂದೇ ಕೆಲಸವೇ?

ನಿರ್ನಾಳ ಗ್ರಂಥಿಗಳ ಪಾಠ ಬಂದಾಗ ಕರಿಹಲಗೆಯ ಮೇಲೆ ಒಂದು ಕೋಷ್ಟಕ ಮೂಡುವುದು ವಾಡಿಕೆ. ಎಡಗಡೆ ಹಾರ್ಮೋನಿನ ಹೆಸರು, ಬಲಗಡೆ ಅದರ ಕೆಲಸ. ಬೆಳವಣಿಗೆ ಹಾರ್ಮೋನು - ಎತ್ತರ. ಥೈರಾಕ್ಸಿನ್ - ಚಯಾಪಚಯ. ಟೆಸ್ಟೋಸ್ಟಿರಾನ್ - ಗಂಡಿನ ಲಕ್ಷಣ. ಈಸ್ಟ್ರೋಜನ್ - ಹೆಣ್ಣಿನ ಲಕ್ಷಣ. 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಇದು ಅನುಕೂಲವೇ ಸರಿ. ಆದರೆ ಮಗು ಬೆಳೆಯುವ ಬಗೆ ಇದರಿಂದ ತಿಳಿಯುತ್ತದೆಯೇ?

ಮೊದಲ ಸಾಲನ್ನೇ ನೋಡಿ. ಪಿಟ್ಯುಟರಿಯಿಂದ ಬರುವ ಬೆಳವಣಿಗೆ ಹಾರ್ಮೋನು ತನ್ನ ಕೆಲಸದ ಬಹುಪಾಲನ್ನು ಇನ್ನೊಂದು ವಸ್ತುವಿನ ಮೂಲಕ ಮಾಡಿಸುತ್ತದೆ. ಯಕೃತ್ತು ಮತ್ತಿತರ ಅಂಗಾಂಶಗಳಲ್ಲಿ ತಯಾರಾಗುವ ಅದರ ಹೆಸರು 'ಇನ್ಸುಲಿನ್‌ನಂಥ ಬೆಳವಣಿಗೆ ಅಂಶ-1'. ತೀವ್ರ ನ್ಯೂನಪೋಷಣೆಯಿಂದ ಬಳಲುವ ಮಗುವಿನ ರಕ್ತದಲ್ಲಿ ಬೆಳವಣಿಗೆ ಹಾರ್ಮೋನು ಹೆಚ್ಚೇ ಇರಬಹುದು. ಆದರೆ ಈ ಅಂಶ ತಗ್ಗಿರುತ್ತದೆ, ಮಗು ಬೆಳೆಯುವುದಿಲ್ಲ. ಥೈರಾಕ್ಸಿನ್ ಕೊರತೆಯಾದರೂ ಎತ್ತರ ಕುಂಠಿತವಾಗುತ್ತದೆ. ಅನ್ನದ ತಟ್ಟೆಗೆ ಕೋಷ್ಟಕದಲ್ಲಿ ಜಾಗವೇ ಇಲ್ಲ.

ಕೊನೆಯ ಸಾಲು ಇನ್ನಷ್ಟು ದಾರಿ ತಪ್ಪಿಸುತ್ತದೆ. ಅಮೆರಿಕದ ವೈದ್ಯರು 1994ರಲ್ಲಿ 28 ವರ್ಷದ ಒಬ್ಬ ಪುರುಷನ ವಿವರ ಪ್ರಕಟಿಸಿದರು. ಆತನ ಎತ್ತರ 204 ಸೆಂ.ಮೀ.; ಇನ್ನೂ ನಿಧಾನವಾಗಿ ಬೆಳೆಯುತ್ತಿದ್ದ. ಮೂಳೆಗಳ ವಯಸ್ಸು ಮಾತ್ರ 15. ಟೆಸ್ಟೋಸ್ಟಿರಾನ್ ಸರಿಯಾಗಿಯೇ ಇತ್ತು. ಈಸ್ಟ್ರೋಜನ್ನನ್ನು ಗುರುತಿಸುವ ಗ್ರಾಹಕ ಪ್ರೋಟೀನು ಜೀನ್ ದೋಷದಿಂದ ಕೆಡದೆ ಉಳಿದಿರಲಿಲ್ಲ. ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಯ ಬೆಳವಣಿಗೆ ಫಲಕವನ್ನು ಮುಚ್ಚಿಸುವುದು ಗಂಡಿನಲ್ಲೂ ಈಸ್ಟ್ರೋಜನ್ನೇ ಎಂಬುದು ಇದರಿಂದ ಖಚಿತವಾಯಿತು. ಹುಡುಗರ ದೇಹ ಟೆಸ್ಟೋಸ್ಟಿರಾನಿನಿಂದಲೇ ಅದನ್ನು ತಯಾರಿಸಿಕೊಳ್ಳುತ್ತದೆ.

ಇದು ಕೇವಲ ಅಂಕಗಳ ಮಾತಲ್ಲ. 'ಎತ್ತರದ ಹಾರ್ಮೋನು' ಎಂದಷ್ಟೇ ಕಲಿತ ವಿದ್ಯಾರ್ಥಿ ಎತ್ತರ ಹೆಚ್ಚಿಸುವುದಾಗಿ ಸಾರುವ ಪುಡಿ, ಮಾತ್ರೆಗಳ ಜಾಹೀರಾತನ್ನು ಸುಲಭವಾಗಿ ನಂಬುತ್ತಾನೆ. ಫಲಕ ಮುಚ್ಚಿದ ಮೇಲೆ ಯಾವ ಪುಡಿಯೂ ಮೂಳೆಯನ್ನು ಉದ್ದ ಮಾಡದು. ಮುಚ್ಚುವ ಮುನ್ನ ಕಾರಣ ಪತ್ತೆಯಾದರೆ ಎಷ್ಟೋ ಮಕ್ಕಳಿಗೆ ಚಿಕಿತ್ಸೆ ಉಂಟು.

ಹಾಗಾದರೆ ಕೋಷ್ಟಕವನ್ನು ಅಳಿಸಬೇಕೆ? ಬೇಡ. ಅದರ ಸಾಲುಗಳ ನಡುವೆ ಬಾಣಗಳನ್ನು ಎಳೆಯಿರಿ. ಆಹಾರಕ್ಕೂ ಒಂದು ಬಾಣವಿರಲಿ. ಜೊತೆಗೆ ತರಗತಿಯ ಮಕ್ಕಳ ಎತ್ತರವನ್ನು ಪ್ರತಿ ವರ್ಷ ಅಳೆದು ಬರೆದಿಡಿ. ಐದನೆಯ ವಯಸ್ಸಿನಿಂದ ಹರೆಯದವರೆಗೆ ವರ್ಷಕ್ಕೆ ಸುಮಾರು 5-6 ಸೆಂ.ಮೀ. ಬೆಳವಣಿಗೆ ಸಹಜ. ಇದಕ್ಕಿಂತ ತೀರ ಹಿಂದುಳಿದ ಮಗುವನ್ನು ವೈದ್ಯರಿಗೆ ತೋರಿಸುವಂತೆ ಪೋಷಕರಿಗೆ ಹೇಳಿ. ಪಾಠ ಸಾರ್ಥಕವಾಗುವುದು ಅಲ್ಲಿಯೇ.