ಹಳೆಯ ಕಾರ್ಡಿಗೆ ನೂವೋ ಆಸರೆ

ಅಗಲ್ಪಾಡಿಯಂಥ ಕಾಸರಗೋಡಿನ ಊರುಗಳಿಗೆ ಲಿನಕ್ಸ್ ಹೊಸತಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯ ದೆಸೆಯಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲೇ ಅದನ್ನು ಕಲಿತವರು. ಮನೆಯ ಹಳೆ ಕಂಪ್ಯೂಟರಿಗೆ ಅದನ್ನೇ ಹಾಕಹೊರಟರೆ ತೊಡಕು ಬರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಜೀಫೋರ್ಸ್ 8, 9 ಸರಣಿಯ ಕಾರ್ಡುಗಳಿಗೆ ಬೇಕಾದ 340ರ ಡ್ರೈವರಿಗೆ ಅವುಗಳ ತಯಾರಕ ಕಂಪನಿ ಎನ್‌ವಿಡಿಯಾ 2019ರ ಕೊನೆಗೆ ಬೆಂಬಲ ನಿಲ್ಲಿಸಿತು. ಲಿನಕ್ಸಿನ ತಿರುಳಾದ ಕರ್ನೆಲ್ ಹೊಸತಾದರೆ ಈ ಡ್ರೈವರ್ ಅದಕ್ಕೆ ಹೊಂದದೆ ಪರದೆ ಕಪ್ಪಾಗುತ್ತದೆ.

ಆಗ ಕೈಹಿಡಿಯುವುದು ನೂವೋ. ಕಂಪನಿಯ ಡ್ರೈವರ್ ಕಾರ್ಡಿಗೆ ಏನೇನು ಬರೆಯುತ್ತದೆಂದು ಗಮನಿಸಿ, ಒಂದೊಂದೇ ರಿಜಿಸ್ಟರಿನ ಗುಟ್ಟು ಬಿಡಿಸಿ ಸ್ವಯಂಸೇವಕರು ಕಟ್ಟಿದ ಡ್ರೈವರ್ ಇದು. 2010ರ 2.6.33 ಕರ್ನೆಲ್ಲಿನೊಳಗೇ ಸೇರಿಕೊಂಡಿತು. ಆದ್ದರಿಂದ ಕರ್ನೆಲ್ ಬದಲಾದರೆ ಇದೂ ಜೊತೆಗೇ ಬದಲಾಗುತ್ತದೆ. ಇದರ ಸೊಗಸೇ ಅದು.

ಪರದೆ ಕಪ್ಪಾಗಿದ್ದರೆ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿದರೆ ಸಾಮಾನ್ಯವಾಗಿ ಪರದೆ ತಾತ್ಕಾಲಿಕವಾಗಿ ಬೆಳಗುತ್ತದೆ. ಆಮೇಲೆ ಹಳೆ ಡ್ರೈವರನ್ನೂ, ನೂವೋವನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಕಡತವನ್ನೂ ತೆಗೆದು, ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಸಿ ರೀಸ್ಟಾರ್ಟ್ ಮಾಡಬೇಕು.

ಹಲವು ಕಾರ್ಡುಗಳನ್ನು ನೂವೋ ಪೂರ್ತಿ ವೇಗದಲ್ಲಿ ಓಡಿಸದು. ಭಾರೀ ಆಟಗಳಿಗೆ ಸಾಲದು. ಓದು, ಬರಹ, ಅಡಿಕೆಯ ಲೆಕ್ಕಕ್ಕೆ ಧಾರಾಳ ಸಾಕು. ತಯಾರಿಸಿದವರೇ ಕೈಬಿಟ್ಟ ಕಾರ್ಡನ್ನು ಗುಜರಿಗೆ ಹೋಗದಂತೆ ಉಳಿಸುವ ಈ ಕೆಲಸ ಮೆಚ್ಚತಕ್ಕದ್ದು.