ಬಳೆಚೂರಿನ ಬೇರಿಯಂ ಮತ್ತು ಮತ್ತೋಡಿನ ಮಣ್ಣು

ಭಾರತದ ಪ್ರಾಚೀನ ಗಾಜಿನ ಬಗ್ಗೆ ಇತ್ತೀಚೆಗೆ ಬರೆದವರಲ್ಲಿ 2010ರ ಒಂದು ಪ್ರಬಂಧವನ್ನು ಉಲ್ಲೇಖಿಸದವರು ವಿರಳ. ಲಾರ್ ದ್ಯುಸ್ಸುಬ್ಯೋ, ಬರ್ನಾರ್ ಗ್ರಾತೂಜ್ ಮತ್ತು ಮರೀಸ್ ಬ್ಲೆ-ಲೆಮಾರ್ಕಾಂ ಅವರು 'ಜರ್ನಲ್ ಆಫ್ ಆರ್ಕಿಯಲಾಜಿಕಲ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಆ ಪ್ರಬಂಧವು ಖನಿಜ ಸೋಡಾ-ಅಲ್ಯೂಮಿನಾ ಗಾಜನ್ನು, ಎಂದರೆ ಚೌಳು ನೆಲದ ಮೇಲೆ ಬೇಸಿಗೆಯಲ್ಲಿ ಬಿಳುಪಾಗಿ ಕಾಣಿಸಿಕೊಳ್ಳುವ ಸೋಡಾ ಉಪ್ಪನ್ನೂ ಅಲ್ಯೂಮಿನಾ ಹೆಚ್ಚಿರುವ ಮರಳನ್ನೂ ಕರಗಿಸಿ ಪಡೆದ ಗಾಜನ್ನು, ಐದು ಉಪಗುಂಪುಗಳಾಗಿ ವಿಂಗಡಿಸಿತು. ವಿಂಗಡಣೆ ಗಟ್ಟಿಯಾದದ್ದು, ಅದಕ್ಕೆ ಸಂದ ಗೌರವವೂ ನ್ಯಾಯವಾದದ್ದು. ಆದರೆ ಆ ಗುಂಪುಗಳ ಹೆಸರನ್ನು ಎರವಲು ಪಡೆದ ಬರಹಗಳು ಗುಂಪಿನ ಸಂಖ್ಯೆಯನ್ನೇ ಆಭರಣದ ಹುಟ್ಟೂರೆಂದೂ ಕಾಲವೆಂದೂ ಓದತೊಡಗಿದ ಮೇಲೆ, ಆ ವಿಂಗಡಣೆಯ ಹಿಂದಿನ ರಾಸಾಯನಿಕ ವಿಧಾನಕ್ಕೆ ಅದು ಹೊರಲಾರದ ಕೀರ್ತಿ ಬಂದಿದೆ. ಅತ್ತ ಎಂ. ಜಿ. ದೀಕ್ಷಿತರ 1969ರ 'ಹಿಸ್ಟರಿ ಆಫ್ ಇಂಡಿಯನ್ ಗ್ಲಾಸ್' ಅಡಿಟಿಪ್ಪಣಿಗೆ ಸರಿದಿದೆ.

ವಿಧಾನದ ಹೆಗ್ಗಳಿಕೆಯನ್ನು ಮೊದಲು ಒಪ್ಪಬೇಕು. ಲೇಸರ್ ಕಿರಣವು ಗಾಜಿನ ಮೇಲ್ಮೈಯಿಂದ ಕಣ್ಣಿಗೆ ಕಾಣದಷ್ಟು ಅಲ್ಪ ಅಂಶವನ್ನು ಆವಿಯಾಗಿಸುತ್ತದೆ. ಆ ಆವಿಯಲ್ಲಿರುವ ಪರಮಾಣುಗಳನ್ನು ತೂಕದ ಆಧಾರದ ಮೇಲೆ ಬೇರ್ಪಡಿಸಿ ಎಣಿಸುವ ಯಂತ್ರವು, ದಶಲಕ್ಷದಲ್ಲಿ ಒಂದೆರಡು ಪಾಲಿನಷ್ಟಿರುವ ಧಾತುವನ್ನೂ ಪತ್ತೆಹಚ್ಚುತ್ತದೆ. ಮಾದರಿಯನ್ನು ಅರೆದು ಪುಡಿ ಮಾಡಿ ಪರೀಕ್ಷಿಸಬೇಕಿದ್ದ ಹಳೆಯ ರೀತಿಗೆ ಹೋಲಿಸಿದರೆ ಇದು ವಸ್ತುವನ್ನು ಉಳಿಸುವ ರೀತಿ. ರೋಮನ್ ಗಾಜಿನಲ್ಲಿ ಅಲ್ಯೂಮಿನಾ ಶೇಕಡಾ 2ರಿಂದ 3ರಷ್ಟಿದ್ದರೆ ಇಲ್ಲಿನದರಲ್ಲಿ ಅದು ಸಾಮಾನ್ಯವಾಗಿ 5ನ್ನು ಮೀರುತ್ತದೆ ಎಂಬ ವ್ಯತ್ಯಾಸವೊಂದೇ, ಒಳ್ಳೆಯ ಗಾಜೆಲ್ಲ ಪಶ್ಚಿಮದಿಂದ ಬಂದದ್ದೆಂಬ ಹಳೆಯ ಊಹೆಯನ್ನು ಮುರಿಯಲು ಸಾಕು.

ತೊಡಕು ಆರಂಭವಾಗುವುದು ಬೇರಿಯಂ ಮತ್ತು ಯುರೇನಿಯಂಗಳ ಓದಿನಲ್ಲಿ. ಮೊದಲ ಗುಂಪಿನ ಗಾಜಿನಲ್ಲಿ ಬೇರಿಯಂ ಹೆಚ್ಚು, ಯುರೇನಿಯಂ ಕಡಿಮೆ. ಅದನ್ನು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೇರಿಸಲಾಗಿದೆ. ಎರಡನೆಯದರಲ್ಲಿ ಯುರೇನಿಯಂ ಹೆಚ್ಚು, ಬೇರಿಯಂ ಕಡಿಮೆ. ಕೊಂಕಣದ ಚೌಲ್ ಬಂದರಿನಲ್ಲಿ ಕಂಡುಬಂದ ಇದನ್ನು 9ರಿಂದ 19ನೇ ಶತಮಾನದವರೆಗೆ ಹರಡಿದ ಪಶ್ಚಿಮ ಕರಾವಳಿಯ ಗಾಜೆಂದು ಗುರುತಿಸಲಾಗಿದೆ. ಸಾವಿರ ವರ್ಷ ಬದಲಾಗದೆ ಉಳಿದ ಸಂಯೋಜನೆಯಿಂದ ಒಂದು ಬಳೆಚೂರಿನ ಶತಮಾನವನ್ನು ನಿರ್ಧರಿಸುವುದು ಹೇಗೆ ಎಂಬ ಪ್ರಶ್ನೆಗೆ ಎರವಲುಗಾರರ ಬರಹಗಳಲ್ಲಿ ಉತ್ತರ ಸಿಗುವುದಿಲ್ಲ. ಬಾದಾಮಿ ಚಾಲುಕ್ಯ, ಗಂಗ, ರಾಷ್ಟ್ರಕೂಟರ ಕಾಲವಂತೂ ಮೊದಲ ಗುಂಪು ಹಿಂದೆ ಸರಿದು ಎರಡನೆಯದು ಮುಂದೆ ಬರುವ ಸಂಧಿಯಲ್ಲೇ ಬೀಳುವುದರಿಂದ, ಕರ್ನಾಟಕದ ಆದಿ ಮಧ್ಯಯುಗಕ್ಕೆ ಈ ಸಂಖ್ಯೆಗಳ ನೆರವು ಅತ್ಯಂತ ದುರ್ಬಲ.

ಇನ್ನೂ ಮುಖ್ಯವಾದದ್ದು, ಈ ಧಾತುಗಳು ಹೇಳುವುದು ಮರಳಿನ ಕಥೆಯನ್ನೇ ಹೊರತು ಕುಶಲಕರ್ಮಿಯ ಕಥೆಯನ್ನಲ್ಲ. ಒಂದು ಊರಿನಲ್ಲಿ ಕರಗಿಸಿದ ಹಸಿ ಗಾಜು ಗಟ್ಟಿಗಳಾಗಿ ಇನ್ನೊಂದು ಊರಿಗೆ ಹೋಗಿ ಅಲ್ಲಿ ಮಣಿಯೋ ಬಳೆಯೋ ಆಗಬಹುದು. ರಾಸಾಯನಿಕ ಕೋಷ್ಟಕದಲ್ಲಿ ಮೊದಲ ಊರು ಮಾತ್ರ ಉಳಿಯುತ್ತದೆ. ಬಣ್ಣದ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಒಂದೇ ಗಾಜಿಗೆ ಒಂದೇ ತಾಮ್ರವನ್ನು ಬೆರೆಸಿದರೂ ಗಾಳಿ ಧಾರಾಳವಾಗಿ ಆಡುವ ಕುಲುಮೆಯಲ್ಲಿ ಅದು ನೀಲಿ-ಹಸಿರಾಗುತ್ತದೆ, ಗಾಳಿಯನ್ನು ತಡೆದು ಹೊಗೆ ಕವಿಯುವಂತೆ ಮಾಡಿದರೆ ಇಟ್ಟಿಗೆಗೆಂಪಾಗುತ್ತದೆ. ಕೋಷ್ಟಕವು ಎರಡು ಕಡೆಯೂ ತಾಮ್ರವೆಂದೇ ಬರೆಯುತ್ತದೆ. ಉರಿಯನ್ನು ಆಳುವ ಆ ವಿದ್ಯೆಯೇ ಆಭರಣ ಚರಿತ್ರೆಯ ತಿರುಳು. ಅದನ್ನು ಹಿಡಿಯಬೇಕಾದರೆ ತಾಮ್ರವು ಗಾಜಿನೊಳಗೆ ಯಾವ ಸ್ಥಿತಿಯಲ್ಲಿದೆ, ಮಣಿಯನ್ನು ಕೊಳವೆಯಾಗಿ ಎಳೆದು ಕತ್ತರಿಸಿದ್ದಾರೆಯೇ ಅಥವಾ ಸಲಾಕೆಗೆ ಸುತ್ತಿದ್ದಾರೆಯೇ, ಬಳೆಯಲ್ಲಿ ಬೆಸುಗೆಯ ಗುರುತಿದೆಯೇ ಇಲ್ಲವೇ ಎಂಬುದನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ದೀಕ್ಷಿತರ ಗ್ರಂಥದ ಬಲ ಇರುವುದು ಇಲ್ಲಿ: ರಾಸಾಯನಿಕ ಮಾಹಿತಿ ಅಲ್ಪವಾಗಿದ್ದ ಕಾಲದಲ್ಲಿ ಅವರು ವಸ್ತುಗಳ ರೂಪ, ತಯಾರಿಕೆ ಮತ್ತು ದೊರೆತ ನೆಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರು.

ಅದಕ್ಕೂ ಹಿಂದಿನ ಒಂದು ಸಾಕ್ಷ್ಯ ಕನ್ನಡ ನಾಡಿನಲ್ಲೇ ಇದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಚೌಳು ಉಪ್ಪನ್ನೂ ಬಿಳಿ ಬೆಣಚುಕಲ್ಲಿನ ಪುಡಿಯನ್ನೂ ಕರಗಿಸಿ ಬಳೆಗಾಜು ಮಾಡುತ್ತಿದ್ದುದನ್ನು ವಿವರಿಸಿದ್ದಾನೆ. ಕಚ್ಚಾ ಸಾಮಗ್ರಿ, ಕುಲುಮೆ, ಬಣ್ಣ ಎಲ್ಲವೂ ಒಂದೇ ಊರಿನಲ್ಲಿ ಕೂಡಿದ ಇಂಥ ಪ್ರತ್ಯಕ್ಷ ವರ್ಣನೆ ಬಲು ಅಪರೂಪ. ಅದು ಗಂಗರ ಕಾಲದ ಪುರಾವೆಯಲ್ಲ, ನಿಜ. ಆದರೆ ಬಯಲುಸೀಮೆಯ ಒಳನಾಡು ತನ್ನ ಗಾಜನ್ನು ತಾನೇ ಮಾಡಿಕೊಳ್ಳಬಲ್ಲದೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ಆಧಾರ ಬೇಕಿಲ್ಲ.

ಈ ಒಳನಾಡನ್ನು ಮರೆಸಿದವರಲ್ಲಿ ಪೀಟರ್ ಫ್ರಾನ್ಸಿಸ್ ಪಂಥದವರ ಪಾಲು ದೊಡ್ಡದು. ಕೊಳವೆ ಎಳೆದು ಕತ್ತರಿಸಿದ ಏಕವರ್ಣದ ಪುಟ್ಟ ಮಣಿಗಳಿಗೆ 'ಇಂಡೋ-ಪೆಸಿಫಿಕ್' ಎಂದು ಹೆಸರಿಟ್ಟ ಫ್ರಾನ್ಸಿಸ್, ಪುದುಚೇರಿಯ ಬಳಿಯ ಅರಿಕಮೇಡನ್ನು ಈ ಕಸುಬಿನ ತಾಯಿನೆಲೆಯಾಗಿ ಕಂಡರು. ಅಂದಿನಿಂದ ಕಡಲು ದಾಟಿದ ಮಣಿಗೆ ಇರುವ ಮರ್ಯಾದೆ ಕೇರಿಯಲ್ಲೇ ಒಡೆದು ಬಿದ್ದ ಬಳೆಗೆ ಇಲ್ಲವಾಗಿದೆ. ಸ್ಥಳೀಯ ಉತ್ಪಾದನೆಯನ್ನೂ ಸಾಮಾನ್ಯ ಹೆಂಗಸರ ತೊಡುಗೆಯನ್ನೂ ತಿಳಿಯಲು ಬಳೆಚೂರಿಗಿಂತ ಒಳ್ಳೆಯ ಸಾಕ್ಷಿ ಇರಲಾರದು. ದಖನ್ನಿನ ಉತ್ಖನನಕಾರರ ರೂಢಿಯೂ ಇದಕ್ಕೆ ನೆರವಾಗಲಿಲ್ಲ. ಸಂಕಾಲಿಯಾ ಮತ್ತು ಸ್ವತಃ ದೀಕ್ಷಿತರು 1945-46ರಲ್ಲಿ ಅಗೆದ ಕೊಲ್ಹಾಪುರದ ಬ್ರಹ್ಮಪುರಿಯ ನಂತರ ಬಹುವರ್ಣದ ಬಳೆ ಎಂದರೆ ಬಹಮನಿ ಕಾಲದ್ದು ಎಂಬ ಸೂತ್ರ ನೆಲೆಯೂರಿತು. ಬಳೆಯಿಂದ ಪದರಕ್ಕೆ ಕಾಲ ಕಟ್ಟುವುದು, ಆ ಪದರದಿಂದ ಮತ್ತೆ ಬಳೆಗೆ ಕಾಲ ಕಟ್ಟುವುದು, ಇದು ವಾದವಲ್ಲ, ಸುತ್ತಾಟ. ಇನ್ನು ಹಳೇಬೀಡಿನ ಶಿಲ್ಪಗಳ ಮೈಮೇಲಿನ ಒಡವೆಗಳನ್ನು ಪಟ್ಟಿ ಮಾಡಿ ಅದನ್ನೇ ಅಂದಿನ ಜನರ ಆಭರಣ ಚರಿತ್ರೆಯೆಂದು ಕರೆಯುವವರು, ಶಿಲ್ಪಿಯ ಸಂಪ್ರದಾಯವನ್ನು ಮನೆಯ ಪೆಟ್ಟಿಗೆಯೆಂದು ಭ್ರಮಿಸಿದ್ದಾರೆ.

ಪರಿಹಾರಕ್ಕೆ ಬೇಕಾದ ಸಾಮಗ್ರಿ ದಕ್ಷಿಣ ಬೆಂಗಳೂರಿನಲ್ಲೇ ಇದೆ. ಬನಶಂಕರಿಗೆ ಹೊಂದಿಕೊಂಡ ಕುಮಾರಸ್ವಾಮಿ ಬಡಾವಣೆಯ ವಸುಧಾ ಭವನದಲ್ಲಿ ಕಚೇರಿ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂರಾಸಾಯನಿಕ ನಕ್ಷೆ ಕಾರ್ಯಕ್ರಮದಡಿ ನೆಲವನ್ನು ಚೌಕಗಳಾಗಿ ವಿಭಾಗಿಸಿ, ಹಳ್ಳಗಳ ಮರಳು-ಕೆಸರಿನಲ್ಲಿರುವ ಬೇರಿಯಂ, ಯುರೇನಿಯಂ, ಝಿರ್ಕೋನಿಯಂ ಮೊದಲಾದ ಧಾತುಗಳನ್ನು ಅಳೆಯುತ್ತದೆ. ಗಾಜಿನ ಗುಂಪುಗಳನ್ನು ಬೇರ್ಪಡಿಸಿದವೂ ಇವೇ ಧಾತುಗಳು. ಮಸ್ಕಿ ಮೊದಲಾದೆಡೆ ಬಳೆಚೂರುಗಳನ್ನು ಆಯ್ದ ರಾಬರ್ಟ್ ಬ್ರೂಸ್ ಫೂಟ್ ಇದೇ ಸಂಸ್ಥೆಯ ಅಧಿಕಾರಿಯಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. ಹಳ್ಳದ ಕೆಸರು ಕುಲುಮೆಗೆ ಹೋದ ಮರಳಿಗೆ ಪೂರ್ತಿ ಸಮನಲ್ಲದ ಕಾರಣ, ಮತ್ತೋಡಿನ ಚೌಳು ಮತ್ತು ಬೆಣಚುಕಲ್ಲನ್ನು ಪ್ರತ್ಯೇಕವಾಗಿ ಅಳೆದು ಆ ನಕ್ಷೆಯ ಪಕ್ಕದಲ್ಲಿಡಬೇಕು. ರಾಜ್ಯದ ಪುರಾತತ್ವ ಇಲಾಖೆ ಮುಂದಿನ ಉತ್ಖನನ ವರದಿಗಳಲ್ಲಿ ಪ್ರತಿ ಬಳೆಚೂರಿನ ಪದರ, ಅಡ್ಡಕೊಯ್ತ, ಬಣ್ಣ ಮತ್ತು ತಯಾರಿಕೆಯ ಗುರುತುಗಳನ್ನು ರಾಸಾಯನಿಕ ಕೋಷ್ಟಕದ ಜೊತೆಗೇ ಅಚ್ಚು ಮಾಡಲಿ; ಅಲ್ಲಿಯವರೆಗೆ ಗುಂಪಿನ ಸಂಖ್ಯೆಯನ್ನು ಊರಿನ ಹೆಸರಾಗಿ ಯಾರೂ ಬರೆಯದಿರಲಿ.